ಮೊದಲು ವೋಲ್ಟೇಜ್ ನೋಡಿ, ಆಮೇಲೆ ಮೆಗಾಹರ್ಟ್ಸ್

ಸಂಪಾದಕರಿಗೆ ನಮಸ್ಕಾರ.

ನಿಮ್ಮ ವಿಜ್ಞಾನ ಪುಟದಲ್ಲಿ ಆಗಾಗ ಬರುವ ಎಲೆಕ್ಟ್ರಾನಿಕ್ಸ್ ಲೇಖನಗಳನ್ನು ತಪ್ಪದೆ ಓದುತ್ತೇನೆ. ಟ್ಯಾಂಕ್ ತುಂಬಿದಾಗ ಪಂಪ್ ನಿಲ್ಲಿಸುವ ಸರ್ಕ್ಯೂಟ್, ಗಿಡದ ಮಣ್ಣು ಒಣಗಿದರೆ ಮೊಬೈಲ್‌ಗೆ ಸುದ್ದಿ ಕಳಿಸುವ ಸರ್ಕ್ಯೂಟ್, ಇವೆಲ್ಲ ಕನ್ನಡದಲ್ಲಿ ಬರುತ್ತಿರುವುದೇ ಖುಷಿ. ಆದರೆ ಒಂದು ತಕರಾರು ಇದೆ. ಯಾವ ಮೈಕ್ರೋಕಂಟ್ರೋಲರ್ (ಸರ್ಕ್ಯೂಟ್ ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್) ತಗೊಳ್ಳಬೇಕು ಅನ್ನುವ ಜಾಗಕ್ಕೆ ಬಂದಾಗಲೆಲ್ಲ ಲೇಖನ ಓಡಿಹೋಗುತ್ತದೆ. ಇದು ಇಷ್ಟು ಮೆಗಾಹರ್ಟ್ಸ್, ಇದರಲ್ಲಿ ವೈಫೈ ಇದೆ, ಬ್ಲೂಟೂತ್ ಇದೆ, ಇದನ್ನೇ ತಗೊಳ್ಳಿ. ಅಷ್ಟೇ. ವೋಲ್ಟೇಜ್ ಬಗ್ಗೆ ಒಂದು ಮಾತಿಲ್ಲ, ಒಳಗಿರುವ ಪೆರಿಫೆರಲ್‌ಗಳು (ಅಳೆಯುವುದು, ಎಣಿಸುವುದು, ಹೊರಗಿನ ಸಾಮಾನಿನ ಜೊತೆ ಮಾತಾಡುವುದು, ಇಂಥ ಕೆಲಸಗಳಿಗೆ ಚಿಪ್‌ನಲ್ಲೇ ಇರುವ ಭಾಗಗಳು) ಒಂದರ ಜೊತೆ ಇನ್ನೊಂದು ಹೊಂದಿಕೊಳ್ಳುತ್ತವಾ ಅನ್ನುವುದರ ಬಗ್ಗೆ ಅಂತೂ ಏನೂ ಇಲ್ಲ. ಮೈಕ್ರೋಕಂಟ್ರೋಲರ್ ಕೆಲಸ ಮಾಡುವವರ ತಲೆ ಕೆಡಿಸುವುದು ಇವೆರಡೇ. ಸ್ಪೀಡ್ ಸಾಲದೆ ನಿಂತುಹೋದ ಪ್ರಾಜೆಕ್ಟ್ ನಾನು ನೋಡಿರುವುದು ಕಡಿಮೆ.

ನನ್ನ ಪ್ರಕಾರ ಚಿಪ್ ಆರಿಸುವ ಕೆಲಸ ಚಿಪ್‌ನಿಂದ ಶುರುವಾಗಬಾರದು. ಎರಡು ತುದಿಗಳಿಂದ ಶುರುವಾಗಬೇಕು. ಒಂದು ತುದಿಯಲ್ಲಿ ಕರೆಂಟ್ ಎಲ್ಲಿಂದ ಬರುತ್ತದೆ, ಇನ್ನೊಂದು ತುದಿಯಲ್ಲಿ ಏನೇನು ತಗಲಿಸುತ್ತೀರಿ. ಈ ಎರಡನ್ನೂ ಕಾಗದದ ಮೇಲೆ ಬರೆದುಕೊಂಡರೆ ಮಧ್ಯದಲ್ಲಿ ಕೂರಬಹುದಾದ ಚಿಪ್‌ಗಳ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ.

ಕರೆಂಟ್ ಬರುವ ತುದಿಯನ್ನೇ ಮೊದಲು ಹಿಡಿಯೋಣ. ಅಡಾಪ್ಟರ್‌ನಿಂದ 5 ವೋಲ್ಟ್ ಬರುತ್ತದೆ ಅಂದರೆ ತಲೆನೋವು ಕಡಿಮೆ. ಬ್ಯಾಟರಿ ಅಂದ ತಕ್ಷಣ ಲೆಕ್ಕ ಬದಲಾಗುತ್ತದೆ. ಲಿಥಿಯಂ ಅಯಾನ್ ಸೆಲ್ ಮೇಲೆ 3.7 ವೋಲ್ಟ್ ಅಂತ ಬರೆದಿರುತ್ತದೆ. ಆದರೆ ಪೂರ್ತಿ ಚಾರ್ಜ್ ಆದಾಗ ಅದು 4.2, ಖಾಲಿಯಾಗುವ ಹೊತ್ತಿಗೆ 3.0ರ ಹತ್ತಿರ. ವೈಫೈ ಇರುವ ಇಎಸ್‌ಪಿ32 ಚಿಪ್‌ಗೆ ಕೊಡಬೇಕಾದ್ದು 3.0ರಿಂದ 3.6 ವೋಲ್ಟ್ ಒಳಗೆ. ತುಂಬಿದ ಸೆಲ್ ನೇರವಾಗಿ ಕೊಟ್ಟರೆ ಜಾಸ್ತಿಯಾಯಿತು, ಹಾಗಾಗಿ ನಡುವೆ ವೋಲ್ಟೇಜನ್ನು ಒಂದೇ ಮಟ್ಟಕ್ಕೆ ಇಳಿಸಿ ನಿಲ್ಲಿಸುವ ರೆಗ್ಯುಲೇಟರ್ ಬೇಕೇ ಬೇಕು. ಇಲ್ಲೇ ಕಥೆ ಕೆಡುವುದು. ಸಾಮಾನ್ಯವಾಗಿ ಕೈಗೆ ಸಿಗುವ ಎಎಂಎಸ್1117 ರೆಗ್ಯುಲೇಟರ್‌ಗೆ ಪೂರ್ತಿ ಲೋಡ್ ಇದ್ದಾಗ ಹೊರಗೆ ಕೊಡುವುದಕ್ಕಿಂತ ಒಂದು ವೋಲ್ಟ್‌ಗೂ ಸ್ವಲ್ಪ ಜಾಸ್ತಿ ಒಳಗೆ ಬರಬೇಕು. ಅಂದರೆ 3.3 ಸಿಗಬೇಕಾದರೆ ಸುಮಾರು 4.5 ವೋಲ್ಟ್ ಕೊಡಬೇಕು. ತುಂಬಿದ ಸೆಲ್‌ನಲ್ಲೂ ಅಷ್ಟಿಲ್ಲ! ಆದರೂ ಮೊದಲಿಗೆ ಓಡುತ್ತದೆ, ಯಾಕೆಂದರೆ ಚಿಪ್ ಸುಮ್ನೆ ಕೂತಿದ್ದಾಗ ಎಳೆಯುವ ಕರೆಂಟ್ ಕಡಿಮೆ. ವೈಫೈ ಆನ್ ಆಗಿ ಒಂದೇ ಸಲ 240 ಮಿಲಿಆಂಪ್‌ವರೆಗೆ ಎಳೆದ ಕ್ಷಣ ವೋಲ್ಟೇಜ್ ಕುಸಿದು ಚಿಪ್ ರೀಸೆಟ್. ಮತ್ತೆ ಶುರು, ಮತ್ತೆ ವೈಫೈ, ಮತ್ತೆ ರೀಸೆಟ್. ನೋಡುವವರು ಪ್ರೋಗ್ರಾಂನಲ್ಲಿ ತಪ್ಪು ಹುಡುಕುತ್ತಾ ರಾತ್ರಿ ಕಳೆಯುತ್ತಾರೆ. ತಪ್ಪು ಪ್ರೋಗ್ರಾಂನಲ್ಲಿ ಇರುವುದೇ ಇಲ್ಲ.

ಇನ್ನೊಂದು ವಿಷಯ. ಇದೇ ರೆಗ್ಯುಲೇಟರ್ ಲೋಡ್ ಏನೂ ಇಲ್ಲದಿದ್ದರೂ ತನ್ನ ಪಾಡಿಗೆ ತಾನು 5 ಮಿಲಿಆಂಪ್ ಸುತ್ತಮುತ್ತ ತಿನ್ನುತ್ತಿರುತ್ತದೆ. 2000 ಮಿಲಿಆಂಪ್‌ಅವರ್ ಸೆಲ್ ಇದ್ದರೆ 400 ಗಂಟೆ, ಅಂದರೆ 17 ದಿನ ತುಂಬುವ ಮೊದಲೇ ಖಾಲಿ. ಏನೂ ಕೆಲಸ ಮಾಡದೆಯೇ! ಚಿಪ್ ಡೀಪ್ ಸ್ಲೀಪ್‌ನಲ್ಲಿ, ಅಂದರೆ ಮಲಗಿರುವಾಗ, 10 ಮೈಕ್ರೋಆಂಪ್ ಮಾತ್ರ ತಗೊಳ್ಳುತ್ತದೆ ಅಂತ ಡೇಟಾಶೀಟ್ (ತಯಾರಕರು ಕೊಡುವ ವಿವರಪಟ್ಟಿ) ಓದಿ ವರ್ಷಗಟ್ಟಲೆ ಓಡುತ್ತದೆ ಅಂದುಕೊಂಡವರಿಗೆ ಇದು ಅರ್ಥವೇ ಆಗುವುದಿಲ್ಲ. ಜೊತೆಗೆ ಬೋರ್ಡ್ ಮೇಲಿನ ಪವರ್ ಎಲ್‌ಇಡಿ, ಯುಎಸ್‌ಬಿ ಸೀರಿಯಲ್ ಚಿಪ್, ಇವೂ ಪಾಲು ಕೇಳುತ್ತವೆ. ಡೇಟಾಶೀಟ್ ಮಾತಾಡುವುದು ಬರೀ ಚಿಪ್ ಬಗ್ಗೆ, ನಿಮ್ಮ ಕೈಲಿರುವುದು ಬೋರ್ಡ್. ಹಾಗಾದರೆ ಎಂಸಿಪಿ1700 ಅನ್ನುವ ಬೇರೆ ರೆಗ್ಯುಲೇಟರ್ ಹಾಕೋಣ, ಅದು ತಾನೇ ತಿನ್ನುವುದು 1.6 ಮೈಕ್ರೋಆಂಪ್ ಅಷ್ಟೇ ಅಲ್ವಾ ಅಂತ ಕೇಳಬಹುದು. ಸರಿ, ಆದರೆ ಅದು ಕೊಡುವುದೇ ಹೆಚ್ಚೆಂದರೆ 250 ಮಿಲಿಆಂಪ್. ಇಎಸ್‌ಪಿ32 ತಯಾರಕರು 500 ಮಿಲಿಆಂಪ್ ಕೊಡಬಲ್ಲ ಸಪ್ಲೈ ಇಡಿ ಅನ್ನುತ್ತಾರೆ. ಅಂದರೆ ವೈಫೈ ಇಲ್ಲದ ಚಿಪ್‌ಗೆ ಒಗ್ಗುವ ರೆಗ್ಯುಲೇಟರ್ ವೈಫೈ ಚಿಪ್‌ಗೆ ಒಗ್ಗುವುದಿಲ್ಲ. ಕಾಯಿನ್ ಸೆಲ್ ಕಥೆಯೂ ಇದೇ. ಸಿಆರ್2032 ಮೂರು ವೋಲ್ಟ್ ಕೊಡುತ್ತದೆ ನಿಜ, ಆದರೆ ಅದರ ಒಳಗಿನ ರೆಸಿಸ್ಟೆನ್ಸ್ ಜಾಸ್ತಿ. ನೂರಾರು ಮಿಲಿಆಂಪ್ ಕೇಳಿದರೆ ಅಲ್ಲೇ ಕೈಚೆಲ್ಲುತ್ತದೆ.

ಇದಕ್ಕೆ ಬೇರೆ ದಾರಿಯೂ ಇದೆ, ಅದನ್ನು ಯಾಕೋ ಯಾರೂ ಬರೆಯುವುದಿಲ್ಲ. ರೆಗ್ಯುಲೇಟರೇ ಬೇಡದ ಚಿಪ್ ಆರಿಸಿಕೊಳ್ಳುವುದು! ಹಳೆಯ ಆರ್ಡುಯಿನೋ ಊನೋ ಬೋರ್ಡ್‌ನಲ್ಲಿರುವ ಎಟಿಮೆಗಾ328ಪಿ ಚಿಪ್ 1.8ರಿಂದ 5.5 ವೋಲ್ಟ್‌ವರೆಗೆ ಓಡುತ್ತದೆ. ಲಿಥಿಯಂ ಸೆಲ್‌ನ 4.2ರಿಂದ 3.0ವರೆಗಿನ ಇಡೀ ಇಳಿಜಾರು ಅದರೊಳಗೇ ಬಂತು. ಮೂರು ನಿಮಿಷಕ್ಕೊಮ್ಮೆ ಎದ್ದು ಒಂದು ಸೆನ್ಸರ್ ಓದಿ ಮತ್ತೆ ಮಲಗುವ ಕೆಲಸಕ್ಕೆ ಅದು ಧಾರಾಳವಾಯಿತು.

ಆದರೆ ಇಲ್ಲಿ ಒಂದು ಷರತ್ತಿದೆ, ಡೇಟಾಶೀಟ್‌ನಲ್ಲಿ ಒಂದು ಗ್ರಾಫ್ ಆಗಿ ಕೂತಿರುತ್ತದೆ. 1.8 ವೋಲ್ಟ್‌ನಲ್ಲಿ ಈ ಚಿಪ್ 4 ಮೆಗಾಹರ್ಟ್ಸ್ ಓಡಬಹುದು, 2.7ರಲ್ಲಿ 10, 4.5 ದಾಟಿದ ಮೇಲೆ ಮಾತ್ರ 20. ನಡುವೆ ಗೆರೆ ಎಳೆದು ನೋಡಿದರೆ 3.3 ವೋಲ್ಟ್‌ಗೆ ಸಿಗುವುದು 13 ಮೆಗಾಹರ್ಟ್ಸ್ ಚಿಲ್ಲರೆ. ಆದರೂ ಎಷ್ಟೋ ಜನ 16 ಮೆಗಾಹರ್ಟ್ಸ್ ಕ್ರಿಸ್ಟಲ್ (ಚಿಪ್‌ನ ಸ್ಪೀಡ್ ನಿಗದಿ ಮಾಡುವ ಬಿಡಿಭಾಗ) ಹಾಕಿಯೇ 3.3ರಲ್ಲಿ ಓಡಿಸುತ್ತಾರೆ, ಓಡುತ್ತದೆ ಕೂಡ, ಟೇಬಲ್ ಮೇಲೆ. ಹೊರಗಿನ ಬಿಸಿಲಿಗೆ, ಅಥವಾ ಬ್ಯಾಟರಿ ಇಳಿದಾಗ, ಯಾವಾಗಲೋ ಒಮ್ಮೆ ತಲೆಬುಡವಿಲ್ಲದ ಹಾಗೆ ಆಡುತ್ತದೆ. 3.3 ವೋಲ್ಟ್‌ನ ಆರ್ಡುಯಿನೋ ಪ್ರೋ ಮಿನಿಯಲ್ಲಿ 8 ಮೆಗಾಹರ್ಟ್ಸ್ ಇಟ್ಟಿರುವುದು ಸುಮ್ನೆ ಅಲ್ಲ. ಅಂದರೆ ಮೆಗಾಹರ್ಟ್ಸ್ ಅನ್ನುವುದು ಒಂಟಿ ಸಂಖ್ಯೆಯಲ್ಲ, ಯಾವ ವೋಲ್ಟೇಜ್‌ನಲ್ಲಿ ಅಂತ ಕೇಳದೆ ಅದಕ್ಕೆ ಅರ್ಥವಿಲ್ಲ.

ಈಗ ಇನ್ನೊಂದು ತುದಿ. ನಿಮ್ಮ ಲೇಖನಗಳಲ್ಲಿ ಬರುವ ಎಚ್‌ಸಿ-ಎಸ್‌ಆರ್04 ದೂರ ಅಳೆಯುವ ಸೆನ್ಸರ್ ತಗೊಳ್ಳಿ. ಅದು 5 ವೋಲ್ಟ್ ಸಾಮಾನು, ಅದರ ಎಕೋ ಪಿನ್ ವಾಪಸ್ ಕಳಿಸುವುದೂ 5 ವೋಲ್ಟೇ. ಅದನ್ನು ನೇರವಾಗಿ 3.3 ವೋಲ್ಟ್ ಚಿಪ್‌ನ ಪಿನ್‌ಗೆ ಕೊಟ್ಟ ಚಿತ್ರಗಳು ಎಲ್ಲೆಲ್ಲೂ ಇವೆ. ಒಂದು ಕಿಲೋಓಮ್, ಎರಡು ಕಿಲೋಓಮ್, ಎರಡೇ ರೆಸಿಸ್ಟರ್ ಹಾಕಿದರೆ 5 ವೋಲ್ಟ್ 3.33 ಆಗುತ್ತದೆ. ಅಷ್ಟು ಸಣ್ಣ ಕೆಲಸ. ಹಾಕದಿದ್ದರೆ ಏನಾಗುತ್ತದೆ? ಹೆಚ್ಚಿನ ಸಲ ತಕ್ಷಣ ಏನೂ ಆಗುವುದಿಲ್ಲ, ಅದೇ ತೊಂದರೆ. ಪಿನ್ ಒಳಗೆ ಒಂದು ರಕ್ಷಣೆಯ ಡಯೋಡ್ ಇರುತ್ತದೆ. ಜಾಸ್ತಿ ಬಂದ ವೋಲ್ಟೇಜ್ ಅದರ ಮೂಲಕ ಚಿಪ್‌ನ ಸಪ್ಲೈ ಗೆರೆಗೆ ಹರಿಯುತ್ತದೆ. ಒಂದು ವಿಚಿತ್ರ ನೋಡಬೇಕಾದರೆ ಚಿಪ್‌ಗೆ ಕೊಟ್ಟ ಸಪ್ಲೈ ತೆಗೆದು ಸೆನ್ಸರ್‌ಗೆ ಮಾತ್ರ 5 ವೋಲ್ಟ್ ಬಿಡಿ. ಕೆಲವು ಸಲ ಚಿಪ್ ಅರೆಜೀವವಾಗಿ ಓಡುತ್ತಲೇ ಇರುತ್ತದೆ, ಪಿನ್ ಮೂಲಕ ಕದ್ದು ಕುಡಿದ ಕರೆಂಟ್‌ನಲ್ಲಿ. ರೀಸೆಟ್ ಆಗಬೇಕಾದದ್ದು ಆಗುವುದಿಲ್ಲ, ಆಮೇಲೆ ಸಪ್ಲೈ ಕೊಟ್ಟಾಗ ಸರಿಯಾಗಿ ಶುರುವಾಗುವುದೂ ಇಲ್ಲ.

ಎಲ್ಲ 3.3 ವೋಲ್ಟ್ ಚಿಪ್‌ಗಳೂ ಹೀಗೆ ಅಂತ ಅಲ್ಲ. ಎಸ್‌ಟಿಎಂ32ಎಫ್103ರಲ್ಲಿ ಬಹಳಷ್ಟು ಪಿನ್‌ಗಳು 5 ವೋಲ್ಟ್ ತಡೆದುಕೊಳ್ಳುತ್ತವೆ, ಡೇಟಾಶೀಟ್ ಪಿನ್ ಪಟ್ಟಿಯಲ್ಲಿ ಎಫ್‌ಟಿ ಅಂತ ಗುರುತು ಹಾಕಿರುತ್ತಾರೆ. ಆದರೆ ಅದೇ ಚಿಪ್‌ನ ಅನಲಾಗ್ ಪಿನ್‌ಗಳಿಗೆ, ಅಂದರೆ ವೋಲ್ಟೇಜ್ ಅಳೆಯುವ ಪಿನ್‌ಗಳಿಗೆ, ಆ ಗುರುತಿಲ್ಲ. ಈ ಚಿಪ್ 5 ವೋಲ್ಟ್ ತಡೆಯುತ್ತದಂತೆ ಅನ್ನುವ ಅರ್ಧ ಮಾತು ಕೇಳಿಕೊಂಡು ಅನಲಾಗ್ ಪಿನ್‌ಗೇ ಕೊಟ್ಟರೆ ಮುಗಿಯಿತು.

ಉಲ್ಟಾ ದಿಕ್ಕಿನಲ್ಲೂ ನೋಡಬೇಕು. 3.3 ವೋಲ್ಟ್ ಚಿಪ್ ಕಳಿಸಿದ್ದನ್ನು 5 ವೋಲ್ಟ್ ಸಾಮಾನು 'ಒಂದು' ಅಂತ ಒಪ್ಪುತ್ತದಾ? ಬಣ್ಣ ಬದಲಿಸುವ ಎಲ್‌ಇಡಿ ಸರ ಇದೆಯಲ್ಲ, ಡಬ್ಲ್ಯೂಎಸ್2812ಬಿ, ಅದಕ್ಕೆ ತನ್ನ ಸಪ್ಲೈನ ಶೇಕಡಾ 70ರಷ್ಟು ಬೇಕು. 5 ವೋಲ್ಟ್ ಕೊಟ್ಟಿದ್ದರೆ 3.5. ನಮ್ಮ ಚಿಪ್ ಕೊಡುವುದು 3.3. ಒಂದು ಸರ ಓಡುತ್ತದೆ, ಇನ್ನೊಂದು ಸರ ಮಿನುಗುತ್ತದೆ, ಮೂರನೆಯದು ಹತ್ತುವುದೇ ಇಲ್ಲ, ಆಮೇಲೆ ಸರದ ಕ್ವಾಲಿಟಿ ಸರಿಯಿಲ್ಲ ಅನ್ನುತ್ತೇವೆ. ನಡುವೆ 74ಎಚ್‌ಸಿಟಿ ಬಗೆಯ ಒಂದು ಬಫರ್ ಇಟ್ಟರೆ ಅದು 2 ವೋಲ್ಟ್ ಬಂದರೇ ಸಾಕು ಅನ್ನುತ್ತದೆ, ಹೊರಗೆ ಪೂರ್ತಿ 5 ಕೊಡುತ್ತದೆ. ಚಿಪ್ ಮತ್ತು ಸೆನ್ಸರ್ ಎರಡು ತಂತಿಯಲ್ಲಿ ಮಾತಾಡಿಕೊಳ್ಳುವ ಐ ಟು ಸಿ ಗೆರೆಗಳಿಗೆ ಬಿಎಸ್‌ಎಸ್138 ಮಾಸ್ಫೆಟ್ (ಗೇಟ್ ಅನ್ನುವ ಕಾಲಿಗೆ ವೋಲ್ಟೇಜ್ ಕೊಟ್ಟರೆ ತೆರೆಯುವ ಸ್ವಿಚ್) ಹಾಕಿದ ಸಣ್ಣ ಬೋರ್ಡ್ ಸಾಕು.

ಮಾಸ್ಫೆಟ್ ಅಂದಾಗ ನೆನಪಾಯಿತು. ಮೋಟಾರ್ ಓಡಿಸಲು ಐಆರ್‌ಎಫ್540 ಹಾಕಿ ಅದರ ಗೇಟ್‌ಗೆ ನೇರವಾಗಿ ಇಎಸ್‌ಪಿ32 ಪಿನ್ ಕೊಟ್ಟ ಚಿತ್ರಗಳನ್ನೂ ನೋಡಿದ್ದೇನೆ. ಆ ಮಾಸ್ಫೆಟ್‌ನ ರೆಸಿಸ್ಟೆನ್ಸ್ ಲೆಕ್ಕ ಬರೆದಿರುವುದು ಗೇಟ್‌ಗೆ 10 ವೋಲ್ಟ್ ಕೊಟ್ಟಾಗಿನದು. ಅದು ಬಾಯಿ ತೆರೆಯಲು ಶುರು ಮಾಡುವುದೇ 2ರಿಂದ 4 ವೋಲ್ಟ್ ನಡುವೆ ಎಲ್ಲೋ. 3.3 ಕೊಟ್ಟರೆ ಅರ್ಧಂಬರ್ಧ ತೆರೆದು ಬಿಸಿಯೇರುತ್ತದೆ, ಮುಟ್ಟಿದರೆ ಬೆರಳು ಸುಡುತ್ತದೆ. ಎಒ3400 ತರಹದ್ದು ತಗೊಂಡರೆ 2.5 ವೋಲ್ಟ್ ಗೇಟ್‌ಗೂ ಲೆಕ್ಕ ಕೊಟ್ಟಿರುತ್ತಾರೆ. ಚಿಪ್ ಬದಲಿಸಿದರೆ ಮಾಸ್ಫೆಟ್ ಕೂಡ ಬದಲಿಸಬೇಕಾಗಬಹುದು ಅನ್ನುವುದು ಲೇಖನದಲ್ಲಿ ಇರಬೇಕಾದ ಮಾತಲ್ವಾ?

ಇಷ್ಟು ಹೇಳಿದ ಮೇಲೆ 5 ವೋಲ್ಟೇ ಒಳ್ಳೆಯದು ಅಂತ ನಾನು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಈಗಿನ ಎಷ್ಟೋ ಸೆನ್ಸರ್‌ಗಳು 3.6 ದಾಟಿದರೆ ಸತ್ತುಹೋಗುತ್ತವೆ. ಹವೆ ಅಳೆಯುವ ಬಿಎಂಇ280 ಚಿಪ್‌ನದು 1.71ರಿಂದ 3.6 ವೋಲ್ಟ್. ಅಲ್ಲದೆ ಚಿಪ್ ಒಳಗೆ ಸ್ವಿಚ್ಚಿಂಗ್‌ಗೆ ಹೋಗುವ ಪವರ್ ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅದೇ ಸ್ಪೀಡ್‌ನಲ್ಲಿ 5ರಿಂದ 3.3ಕ್ಕೆ ಇಳಿದರೆ ಆ ಪವರ್ ಅರ್ಧಕ್ಕಿಂತ ಕಡಿಮೆ, ಸುಮಾರು ಶೇಕಡಾ 44. ಬ್ಯಾಟರಿ ಇದ್ದರೆ ಇದು ಚಿಕ್ಕ ವಿಷಯವಲ್ಲ. ಹಾಗೆಯೇ 32 ಬಿಟ್ ಅಂದರೆ 3.3 ವೋಲ್ಟೇ ಅನ್ನುವುದೂ ಹಳೆಯ ಮಾತು. 2023ರಲ್ಲಿ ಬಂದ ಆರ್ಡುಯಿನೋ ಊನೋ ಆರ್4 ಒಳಗಿನ ಆರ್‌ಎ4ಎಂ1 ಚಿಪ್ 32 ಬಿಟ್, ಆದರೂ 5 ವೋಲ್ಟ್‌ನಲ್ಲಿ ಓಡುತ್ತದೆ. ಪಿಎಸ್‌ಒಸಿ 4 ಬಳಗದ ಚಿಪ್‌ಗಳು 1.71ರಿಂದ 5.5ವರೆಗೆ. ಇನ್ನು ಎವಿಆರ್ ಡಿಬಿ ಅನ್ನುವ ಬಳಗದಲ್ಲಿ ಒಂದು ಪೋರ್ಟ್‌ಗೆ ಬೇರೆ ವೋಲ್ಟೇಜ್ ಕೊಡಬಹುದು. ಚಿಪ್ 5ರಲ್ಲಿ, ಆ ಪೋರ್ಟ್ 3.3ರಲ್ಲಿ. ಅಂದರೆ ಮೇಲೆ ಹೇಳಿದ ಅರ್ಧ ಜಗಳ ಚಿಪ್ ಒಳಗೇ ಬಗೆಹರಿಯುತ್ತದೆ. 24 ಮೆಗಾಹರ್ಟ್ಸ್ ಅಷ್ಟೇ ಅಂತ ಮೂಗು ಮುರಿದು ಇಂಥದ್ದನ್ನು ಬಿಟ್ಟುಬಿಡುತ್ತೇವೆ.

ಪೆರಿಫೆರಲ್ ವಿಷಯಕ್ಕೆ ಬರುತ್ತೇನೆ. ಇಲ್ಲಿ ಎಲ್ಲರೂ ಮಾಡುವುದು ಡೇಟಾಶೀಟ್‌ನ ಮೊದಲ ಪುಟ ಓದುವುದು. ಆರು ಎಡಿಸಿ (ವೋಲ್ಟೇಜ್ ಅಳೆದು ಸಂಖ್ಯೆ ಮಾಡುವುದು), ಆರು ಪಿಡಬ್ಲ್ಯೂಎಂ (ಬೇಗ ಬೇಗ ಆನ್ ಆಫ್ ಮಾಡಿ ಮೋಟಾರ್ ವೇಗ, ಬೆಳಕು ಹೆಚ್ಚುಕಡಿಮೆ ಮಾಡುವುದು), ಬೇರೆ ಸಾಮಾನಿನ ಜೊತೆ ಮಾತಾಡಲು ಒಂದು ಎಸ್‌ಪಿಐ, ಒಂದು ಐ ಟು ಸಿ, ಒಂದು ಸೀರಿಯಲ್ ಪೋರ್ಟ್, ಆಹಾ ಎಲ್ಲ ಇದೆ. ಆದರೆ ಮೊದಲ ಪುಟ ಅನ್ನುವುದು ಮದುವೆ ಗಂಡಿನ ಫೋಟೋ ಇದ್ದ ಹಾಗೆ, ಇಡೀ ಸಂಸಾರ ಒಳಗಿನ ಪಿನ್ ಪಟ್ಟಿಯಲ್ಲಿದೆ. ಹಳೆಯ ಊನೋದ ಎಟಿಮೆಗಾ328ಪಿಯನ್ನೇ ನೋಡಿ. ಎ4 ಮತ್ತು ಎ5 ಅನ್ನುವ ಪಿನ್‌ಗಳೇ ಐ ಟು ಸಿ ಪಿನ್‌ಗಳು. ಒಂದು ಐ ಟು ಸಿ ಡಿಸ್‌ಪ್ಲೇ ಹಾಕಿದ ತಕ್ಷಣ ಆರು ಎಡಿಸಿ ಹೋಗಿ ನಾಲ್ಕಾಯಿತು. ಎಸ್‌ಡಿ ಕಾರ್ಡ್‌ಗೆ ಎಸ್‌ಪಿಐ ಹಾಕಿದರೆ 11ನೇ ಪಿನ್‌ನ ಪಿಡಬ್ಲ್ಯೂಎಂ ಹೋಯಿತು. ಸರ್ವೋ ಲೈಬ್ರರಿ ಸೇರಿಸಿದರೆ ಅದು ಸಮಯ ಎಣಿಸುವ ಟೈಮರ್ 1 ಹಿಡಿದುಕೊಳ್ಳುತ್ತದೆ, ಅದನ್ನೇ ನಂಬಿದ್ದ 9 ಮತ್ತು 10ನೇ ಪಿನ್‌ನಲ್ಲಿ ಪಿಡಬ್ಲ್ಯೂಎಂ ಇಲ್ಲ. ಆರು ಇದ್ದದ್ದು ಮೂರಾಯಿತು, ನೀವಿನ್ನೂ ಮೋಟಾರ್ ಮುಟ್ಟೇ ಇಲ್ಲ. ಇರುವ ಒಂದೇ ಸೀರಿಯಲ್ ಪೋರ್ಟ್ ಕಂಪ್ಯೂಟರ್ ಜೊತೆ ಮಾತಾಡುವುದಕ್ಕೆ ಹೋಗಿರುತ್ತದೆ, ಜಿಪಿಎಸ್‌ಗೆ ಎಲ್ಲಿಂದ ತರುತ್ತೀರಿ?

ದೊಡ್ಡ ಚಿಪ್‌ಗಳಲ್ಲಿ ಈ ಜಗಳ ಇಲ್ಲ ಅಂತಲ್ಲ, ಬೇರೆ ತರಹ ಇದೆ. ಎಸ್‌ಟಿಎಂ32ಎಫ್103ರಲ್ಲಿ ಯುಎಸ್‌ಬಿಯೂ ಇದೆ, ವಾಹನದ ಭಾಗಗಳು ಮಾತಾಡಿಕೊಳ್ಳಲು ಬಳಸುವ ಕ್ಯಾನ್ ಬಸ್ಸೂ ಇದೆ. ಆದರೆ ಎರಡೂ ಒಂದೇ 512 ಬೈಟ್ ಮೆಮೊರಿ ಹಂಚಿಕೊಳ್ಳುವುದರಿಂದ ಎರಡನ್ನೂ ಒಟ್ಟಿಗೆ ಬಳಸುವ ಹಾಗಿಲ್ಲ. ವಾಹನದ ಕ್ಯಾನ್ ಬಸ್ ಓದಿ ಯುಎಸ್‌ಬಿಯಲ್ಲಿ ಕಳಿಸೋಣ ಅಂದುಕೊಂಡವರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕಾ? ಮೊದಲಿನ ಇಎಸ್‌ಪಿ32ದಲ್ಲಿ ಎರಡು ಎಡಿಸಿ ಇವೆ, ಆದರೆ ವೈಫೈ ಓಡುತ್ತಿರುವಾಗ ಎರಡನೆಯದನ್ನು ನಂಬುವಂತಿಲ್ಲ, ವೈಫೈಯೇ ಅದನ್ನು ಬಳಸಿಕೊಳ್ಳುತ್ತದೆ. 34ರಿಂದ 39ರವರೆಗಿನ ಪಿನ್‌ಗಳು ಇನ್‌ಪುಟ್‌ಗೆ ಮಾತ್ರ, ಅವುಗಳಿಗೆ ಒಳಗೆ ಪುಲ್‌ಅಪ್ (ಪಿನ್ ಖಾಲಿ ಇದ್ದಾಗ ಅದನ್ನು ಹೈ ಆಗಿ ಹಿಡಿದಿಡುವ ರೆಸಿಸ್ಟರ್) ಕೂಡ ಇಲ್ಲ. 12ನೇ ಪಿನ್‌ಗೆ ಏನಾದರೂ ತಗಲಿಸಿ ಅದು ಆನ್ ಆಗುವಾಗ ಹೈ ಆಗಿದ್ದರೆ ಬೋರ್ಡ್ ಬೂಟ್ ಆಗದೇ ಇರಬಹುದು, ಯಾಕೆಂದರೆ ಪ್ರೋಗ್ರಾಂ ಇಟ್ಟಿರುವ ಫ್ಲ್ಯಾಶ್ ಮೆಮೊರಿಗೆ ಎಷ್ಟು ವೋಲ್ಟೇಜ್ ಕೊಡಬೇಕು ಅಂತ ಚಿಪ್ ಆ ಪಿನ್ ನೋಡಿಯೇ ತೀರ್ಮಾನಿಸುತ್ತದೆ. ನೋಡಿ, ಮತ್ತೆ ವೋಲ್ಟೇಜ್‌ಗೇ ಬಂತು.

ಎಡಿಸಿಯಲ್ಲಿ ವೋಲ್ಟೇಜ್ ಮತ್ತು ಪೆರಿಫೆರಲ್ ಎರಡೂ ಒಂದೇ ಗಂಟಾಗಿರುತ್ತವೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಎಲ್‌ಎಂ35 ಅನ್ನುವ ಹಳೆಯ ಉಷ್ಣಾಂಶದ ಸೆನ್ಸರ್ ಒಂದು ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತದೆ. 25 ಡಿಗ್ರಿ ಇದ್ದರೆ 250 ಮಿಲಿವೋಲ್ಟ್. ಊನೋದ 10 ಬಿಟ್ ಎಡಿಸಿಗೆ 5 ವೋಲ್ಟ್ ರೆಫರೆನ್ಸ್ (ಅಳತೆಯ ಮೇಲ್ಮಿತಿ) ಇದ್ದರೆ ಒಂದು ಮೆಟ್ಟಿಲು 4.88 ಮಿಲಿವೋಲ್ಟ್, ಅಂದರೆ ಅರ್ಧ ಡಿಗ್ರಿ. 1024 ಮೆಟ್ಟಿಲುಗಳಲ್ಲಿ ನೀವು ಬಳಸುತ್ತಿರುವುದು ಕೆಳಗಿನ 51. ಅದೇ ಚಿಪ್ ಒಳಗೆ 1.1 ವೋಲ್ಟ್ ರೆಫರೆನ್ಸ್ ಇದೆ. ಪ್ರೋಗ್ರಾಂನಲ್ಲಿ ಒಂದು ಸಾಲು ಬರೆದು ಅದಕ್ಕೆ ಬದಲಿಸಿದರೆ ಮೆಟ್ಟಿಲು 1.07 ಮಿಲಿವೋಲ್ಟ್, ಹತ್ತರಲ್ಲೊಂದು ಡಿಗ್ರಿಯಷ್ಟು ಸೂಕ್ಷ್ಮ, ಹೊರಗಿನಿಂದ ಒಂದು ಬಿಡಿಭಾಗವೂ ಸೇರಿಸದೆ. ಆ 1.1 ಅನ್ನುವುದು ಚಿಪ್‌ನಿಂದ ಚಿಪ್‌ಗೆ 1.0ರಿಂದ 1.2ವರೆಗೆ ಆಚೀಚೆ ಇರಬಹುದು, ಒಂದು ಸಲ ಮಲ್ಟಿಮೀಟರ್‌ನಲ್ಲಿ ಅಳೆದು ಪ್ರೋಗ್ರಾಂನಲ್ಲಿ ಸರಿಮಾಡಿಕೊಳ್ಳಬೇಕು. ಸಪ್ಲೈಯನ್ನೇ ರೆಫರೆನ್ಸ್ ಮಾಡಿಕೊಂಡರೆ ಬ್ಯಾಟರಿ ಇಳಿದ ಹಾಗೆಲ್ಲ ರೀಡಿಂಗ್ ಏರುತ್ತಾ ಹೋಗುತ್ತದೆ. ಬ್ಯಾಟರಿ ಮುಗಿಯುತ್ತಿದ್ದರೆ ಡಿಸ್‌ಪ್ಲೇಯಲ್ಲಿ ಸೆಕೆ ಜಾಸ್ತಿಯಾಗುತ್ತಿರುತ್ತದೆ!

ಈಗ ಇದೇ ಎಲ್‌ಎಂ35ನ್ನು 3.3 ವೋಲ್ಟ್ ಬೋರ್ಡ್‌ಗೆ ತನ್ನಿ. ಮೊದಲನೆಯದಾಗಿ ಆ ಸೆನ್ಸರ್‌ಗೆ ಕಡಿಮೆ ಅಂದರೆ 4 ವೋಲ್ಟ್ ಸಪ್ಲೈ ಬೇಕು, 3.3 ಕೊಟ್ಟರೆ ಅದು ಹೇಳುವ ಉಷ್ಣಾಂಶಕ್ಕೆ ಬೆಲೆಯಿಲ್ಲ. ಬೇರೆ 5 ವೋಲ್ಟ್ ಕೊಟ್ಟಿರಿ ಅಂದುಕೊಳ್ಳೋಣ. ಇಎಸ್‌ಪಿ32ದ ಎಡಿಸಿ 12 ಬಿಟ್, 4096 ಮೆಟ್ಟಿಲು, ಕೇಳಲು ಚೆನ್ನಾಗಿದೆ. ಆದರೆ ಅದು ಕೆಳತುದಿಯ 100 ಮಿಲಿವೋಲ್ಟ್ ಸುತ್ತಮುತ್ತ ಸರಿಯಾಗಿ ಓದುವುದಿಲ್ಲ, ಮೇಲ್ತುದಿಯಲ್ಲೂ ಗೆರೆ ನೇರವಿಲ್ಲ. ಚಳಿಗಾಲದ 10 ಡಿಗ್ರಿ ಅಂದರೆ ಸರಿಯಾಗಿ ಆ ಮೂಲೆಯೇ. ಟಿಎಂಪಿ36 ಹಾಕಿದರೆ ಎರಡು ಕಷ್ಟವೂ ಒಟ್ಟಿಗೆ ಹೋಗುತ್ತವೆ. ಅದು 2.7 ವೋಲ್ಟ್‌ನಿಂದಲೇ ಓಡುತ್ತದೆ, ಸೊನ್ನೆ ಡಿಗ್ರಿಗೇ 500 ಮಿಲಿವೋಲ್ಟ್ ಕೊಡುತ್ತದೆ. ಬಿಟ್ ಜಾಸ್ತಿ ಇದ್ದರೆ ಎಡಿಸಿ ಒಳ್ಳೆಯದು ಅನ್ನುವವರು ಈ ಲೆಕ್ಕ ಒಮ್ಮೆ ಹಾಕಿ ನೋಡಬೇಕು.

ಟೈಮರ್ ಬಗ್ಗೆ ಬರೆಯಲು ಹೋದರೆ ಪತ್ರ ಮುಗಿಯುವುದಿಲ್ಲ, ಒಂದೆರಡು ಮಾತು ಸಾಕು. ಮೋಟಾರ್ ತಿರುಗಿದ ಹಾಗೆ ಎನ್‌ಕೋಡರ್ ಕಳಿಸುವ ಪಲ್ಸ್ ಎಣಿಸುವ ಕೆಲಸಕ್ಕೆ ಎಸ್‌ಟಿಎಂ32ದ ಟೈಮರ್‌ಗಳಲ್ಲಿ ಪ್ರತ್ಯೇಕ ವ್ಯವಸ್ಥೆಯೇ ಇದೆ. ಎರಡು ತಂತಿ ಕೊಟ್ಟರೆ ಮುಂದೆ ಹಿಂದೆ ಅದೇ ಎಣಿಸುತ್ತದೆ, ಪ್ರೋಗ್ರಾಂಗೆ ಗೊತ್ತೂ ಆಗುವುದಿಲ್ಲ. ಇದಿಲ್ಲದ ಚಿಪ್‌ನಲ್ಲಿ ಪ್ರತಿ ಪಲ್ಸ್‌ಗೂ ಇಂಟರಪ್ಟ್, ಅಂದರೆ ಪ್ರೋಗ್ರಾಂ ಕೈಲಿದ್ದ ಕೆಲಸ ನಿಲ್ಲಿಸಿ ಎಣಿಸಬೇಕು, ಮೋಟಾರ್ ಜೋರಾದ ಹಾಗೆ ಎಣಿಕೆ ತಪ್ಪುತ್ತದೆ, ಆಗ ಜಾಸ್ತಿ ಮೆಗಾಹರ್ಟ್ಸ್ ಚಿಪ್ ಹುಡುಕಲು ಹೊರಡುತ್ತೇವೆ. 2021ರಲ್ಲಿ ಬಂದ ಆರ್‌ಪಿ2040ರಲ್ಲಿ ಪಿಐಒ ಅನ್ನುವ ಎಂಟು ಪುಟ್ಟ ಯಂತ್ರಗಳಿವೆ. ಆ ಎಲ್‌ಇಡಿ ಸರಕ್ಕೆ ಬೇಕಾದ 1.25 ಮೈಕ್ರೋಸೆಕೆಂಡ್‌ನ ಬಿಟ್‌ಗಳನ್ನು ಅವೇ ಕಳಿಸುತ್ತವೆ, ಸಾಲದ ಸೀರಿಯಲ್ ಪೋರ್ಟ್‌ಗಳನ್ನೂ ಅವುಗಳಲ್ಲೇ ಮಾಡಿಕೊಳ್ಳಬಹುದು. ನನಗೆ ತುಂಬಾ ಇಷ್ಟವಾದ ಚಿಪ್ ಅದು. ಆದರೂ ಅದರೊಳಗೆ ಸಂಖ್ಯೆಯನ್ನು ವೋಲ್ಟೇಜ್ ಮಾಡುವ ಡಿಎಸಿ ಇಲ್ಲ, ಫ್ಲ್ಯಾಶ್ ಮೆಮೊರಿಯೂ ಹೊರಗಿನದೇ.

'ಒಳಗೇ ಇದೆ' ಅನ್ನುವ ಮಾತಿಗೂ ಒಂದು ಎಚ್ಚರಿಕೆ ಬೇಕು. ಕ್ಯಾನ್ ಒಳಗೇ ಇದೆ ಅಂದರೆ ಕಂಟ್ರೋಲರ್ ಒಳಗಿದೆ ಅಂತ, ತಂತಿಗೆ ತಗಲಿಸುವ ಟ್ರಾನ್ಸೀವರ್ ಹೊರಗೆ ಬೇಕು, ಅದರಲ್ಲೂ 5 ವೋಲ್ಟ್‌ನ ಎಂಸಿಪಿ2551 ಬೇರೆ, 3.3 ವೋಲ್ಟ್‌ನ ಎಸ್‌ಎನ್65ಎಚ್‌ವಿಡಿ230 ಬೇರೆ. ಗಡಿಯಾರ ಒಳಗೇ ಇದೆ ಅಂದರೂ ಸಮಯ ಸರಿಯಾಗಿ ಓಡಲು 32.768 ಕಿಲೋಹರ್ಟ್ಸ್ ಕ್ರಿಸ್ಟಲ್ ಹೊರಗೆ ಹಾಕಬೇಕು. ಆಸಿಲೇಟರ್ ಒಳಗೇ ಇದೆ ಅಂತ ಕ್ರಿಸ್ಟಲ್ ಉಳಿಸಿದರೆ, ಎಟಿಮೆಗಾದ ಒಳಗಿನ 8 ಮೆಗಾಹರ್ಟ್ಸ್ ಕಾರ್ಖಾನೆಯಿಂದ ಬರುವಾಗ ಶೇಕಡಾ 10ರವರೆಗೆ ಆಚೀಚೆ ಇರಬಹುದು, ಸೀರಿಯಲ್ ಪೋರ್ಟ್‌ಗೆ ಶೇಕಡಾ 2ರಷ್ಟು ತಪ್ಪಿದರೇ ಕಷ್ಟ. ಅಕ್ಷರಗಳ ಬದಲು ಕಸ ಬರುತ್ತದೆ. ಇನ್ನು ಇಇಪ್ರಾಮ್, ಕರೆಂಟ್ ಹೋದರೂ ಸೆಟ್ಟಿಂಗ್ ಮರೆಯದ ಮೆಮೊರಿ. ಎಟಿಮೆಗಾ328ಪಿಯಲ್ಲಿ ಒಂದು ಕಿಲೋಬೈಟ್ ಇದೆ, 1,00,000 ಸಲ ಬರೆಯಬಹುದು. ಎಸ್‌ಟಿಎಂ32ಎಫ್103ರಲ್ಲಿ ಅದು ಇಲ್ಲವೇ ಇಲ್ಲ, ಫ್ಲ್ಯಾಶ್‌ನಲ್ಲೇ ಬರೆಯಬೇಕು, ಅದರ ಗ್ಯಾರಂಟಿ 10,000 ಸಲ. ನಿಮಿಷಕ್ಕೊಮ್ಮೆ ಅದೇ ಜಾಗದಲ್ಲಿ ಬರೆದರೆ ಒಂದು ವಾರಕ್ಕೆ ಆ ಲೆಕ್ಕ ಮುಗಿಯುತ್ತದೆ.

ಬರೆಯುತ್ತಿರುವಾಗಲೇ ವೋಲ್ಟೇಜ್ ಕುಸಿದರೆ ಇಇಪ್ರಾಮ್‌ನಲ್ಲಿ ಏನೇನೋ ಕೂತುಬಿಡುತ್ತದೆ. ಇದಕ್ಕೇ ವೋಲ್ಟೇಜ್ ಒಂದು ಹಂತಕ್ಕಿಂತ ಇಳಿದರೆ ಚಿಪ್ ನಿಲ್ಲಿಸುವ ಬ್ರೌನ್‌ಔಟ್ ಅನ್ನುವ ಕಾವಲು ಚಿಪ್ ಒಳಗೇ ಇಟ್ಟಿರುತ್ತಾರೆ. ಎಟಿಮೆಗಾದಲ್ಲಿ 1.8, 2.7, 4.3 ಅಂತ ಮೂರು ಹಂತ. ನಿಮ್ಮ ಸಪ್ಲೈಗೂ ಕ್ರಿಸ್ಟಲ್‌ಗೂ ಯಾವುದು ಹೊಂದುತ್ತದೋ ಅದನ್ನು ಇಡಬೇಕು. ಲಿಥಿಯಂ ಸೆಲ್‌ಗೆ 4.3 ಇಟ್ಟರೆ ಚಿಪ್ ಏಳುವುದೇ ಇಲ್ಲ. ಕರೆಂಟ್ ಉಳಿಯಲಿ ಅಂತ ಕಾವಲನ್ನೇ ಆಫ್ ಮಾಡಿ ಅನ್ನುವ ಸಲಹೆ ಆಗಾಗ ಕಾಣುತ್ತದೆ. ಉಳಿಯುತ್ತದೆ, ಸುಳ್ಳಲ್ಲ. ಆದರೆ ಸೆಟ್ಟಿಂಗ್ ಉಳಿಸಿಕೊಳ್ಳಬೇಕಾದ ಯಂತ್ರದಲ್ಲಿ ಹಾಗೆ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಮಲಗಿರುವಾಗ ಮಾತ್ರ ಆಫ್ ಮಾಡುವ ಸೌಲಭ್ಯ ಆ ಚಿಪ್‌ನಲ್ಲೇ ಇದೆ, ಅದನ್ನು ಬಳಸಿಕೊಂಡರಾಯಿತು.

ಇನ್ನು ಎರ್ರಾಟಾ. ಚಿಪ್ ಮಾಡಿದವರೇ ತಮ್ಮ ಚಿಪ್‌ನ ತಪ್ಪುಗಳನ್ನು ಬರೆದಿಡುವ ದಾಖಲೆ. ಇದನ್ನು ಓದುವವರೇ ಇಲ್ಲ. 2024ರಲ್ಲಿ ಆರ್‌ಪಿ2350 ಬಂತು, ಒಳ್ಳೆಯ ಚಿಪ್. ಆದರೆ ಮೊದಲು ಬಂದ ಚಿಪ್‌ಗಳಲ್ಲಿ ಪಿನ್‌ಗೆ ಒಳಗಿನ ಪುಲ್‌ಡೌನ್ ಹಾಕಿದರೂ ಅದು ಪೂರ್ತಿ ಕೆಳಗಿಳಿಯದೆ 2 ವೋಲ್ಟ್ ಚಿಲ್ಲರೆಯಲ್ಲೇ ನೇತಾಡುವ ದೋಷ ಇತ್ತು. ಒಂದು ಬಟನ್ ಹಾಕಿ ಬಿಟ್ಟರೆ ಅದು ಒತ್ತಿದ ಹಾಗೇ ಇರುತ್ತದೆ. ಹೊರಗಿನಿಂದ 8.2 ಕಿಲೋಓಮ್ ಅಥವಾ ಅದಕ್ಕಿಂತ ಕಡಿಮೆಯ ರೆಸಿಸ್ಟರ್ ಹಾಕಿ ಅಂತ ತಯಾರಕರೇ ಬರೆದರು. ಎರ್ರಾಟಾ ಓದಿದವರು ರೆಸಿಸ್ಟರ್ ಹಾಕಿ ಮುಂದೆ ಹೋದರು, ಓದದವರು ಬಟನ್ ಬದಲಿಸುತ್ತಾ ಕೂತರು.

ಹೊಸ ಚಿಪ್ ಹಿಂದೆ ಬೀಳುವುದು ಒಂದು ಕಡೆಯಾದರೆ, ಇನ್ನೊಂದು ಕಡೆ ಪಠ್ಯಪುಸ್ತಕಗಳು 8051 ಬಿಟ್ಟು ಕದಲುವುದಿಲ್ಲ. 1980ರ ಚಿಪ್ ಅದು. ಕಲಿಯಲು ಒಳ್ಳೆಯದೇ, ರಿಜಿಸ್ಟರ್ ಅಂದರೇನು ಅಂತ ಅದರಲ್ಲಿ ಅರ್ಥವಾದಷ್ಟು ಚೆನ್ನಾಗಿ ಬೇರೆಲ್ಲೂ ಆಗುವುದಿಲ್ಲ. ಆದರೆ ಮೂಲ 8051ರಲ್ಲಿ ಎಡಿಸಿ ಇಲ್ಲ, ಹೊರಗೆ ಎಡಿಸಿ0804 ಹಾಕಿ ಎಂಟು ತಂತಿ ಎಳೆಯಬೇಕು. ಅದನ್ನೇ ಕಲಿತು ಬಂದ ಹುಡುಗರಿಗೆ ಪೆರಿಫೆರಲ್ ಅಂದರೆ ಹೊರಗಿನಿಂದ ಸೇರಿಸುವ ಸಾಮಾನು ಅಂತಲೇ ತಲೆಯಲ್ಲಿ ಕೂತಿರುತ್ತದೆ. ಒಳಗೇ ಇರುವ ರೆಫರೆನ್ಸ್, ಎರಡು ವೋಲ್ಟೇಜ್ ಹೋಲಿಸುವ ಕಂಪ್ಯಾರೇಟರ್, ಸಣ್ಣ ವೋಲ್ಟೇಜ್ ದೊಡ್ಡದು ಮಾಡುವ ಆಪ್‌ಆಂಪ್ ಬಳಸದೆ ಬೋರ್ಡ್ ತುಂಬಾ ಬಿಡಿಭಾಗ ಹಾಕುತ್ತಾರೆ. ಎವಿಆರ್ ಡಿಬಿಯಲ್ಲಿ ಆಪ್‌ಆಂಪ್ ಕೂಡ ಒಳಗೇ ಇದೆ ಅಂದರೆ ನಂಬುವುದಿಲ್ಲ.

ಸಂಪಾದಕರೇ, ನನ್ನ ಕೋರಿಕೆ ದೊಡ್ಡದೇನಲ್ಲ. ಮುಂದಿನ ಸಲ ಇಂಥ ಲೇಖನ ಹಾಕುವಾಗ ಸರ್ಕ್ಯೂಟ್ ಚಿತ್ರದ ಪಕ್ಕ ಒಂದು ಚಿಕ್ಕ ಪಟ್ಟಿ ಕೊಡಿ. ಚಿತ್ರದಲ್ಲಿರುವ ಪ್ರತಿ ಸಾಮಾನಿಗೂ ಎಷ್ಟರಿಂದ ಎಷ್ಟು ವೋಲ್ಟ್, ಒಮ್ಮೆಲೇ ಹೆಚ್ಚೆಂದರೆ ಎಷ್ಟು ಮಿಲಿಆಂಪ್, ಚಿಪ್‌ನ ಯಾವ ಪಿನ್, ಆ ಪಿನ್ ಹಿಂದೆ ಯಾವ ಟೈಮರ್ ಅಥವಾ ಎಡಿಸಿ ಇದೆ. ಬೋರ್ಡ್‌ನ ಹೆಸರು ಬೇಕಾದರೆ ಕೊನೆಗೆ ಹಾಕಿ. ಲೇಖಕರಿಗೆ ಹತ್ತು ನಿಮಿಷದ ಕೆಲಸ ಜಾಸ್ತಿಯಾಗಬಹುದು, ಆದರೆ ಓದುಗರು ಅದೇ ಬೋರ್ಡ್ ಸಿಗದಿದ್ದರೂ ಪಟ್ಟಿ ನೋಡಿ ತಮಗೆ ಹೊಂದುವ ಬೇರೆ ಚಿಪ್ ಹಾಕಿಕೊಳ್ಳಬಹುದು. ಹಿಂದೆ ಬಂದ ಆ ಟ್ಯಾಂಕ್ ಸರ್ಕ್ಯೂಟ್‌ಗೂ ಒಂದು ತಿದ್ದುಪಡಿ ಹಾಕಿದರೆ ಒಳ್ಳೆಯದು. ಅದರಲ್ಲಿ ಎಕೋ ಪಿನ್ ನೇರವಾಗಿ 3.3 ವೋಲ್ಟ್ ಬೋರ್ಡ್‌ಗೆ ಹೋಗಿದೆ, ಎರಡು ರೆಸಿಸ್ಟರ್ ಸೇರಿಸಬೇಕು.

ಇಂತಿ,
ನಿಮ್ಮ ಒಬ್ಬ ಓದುಗ